ಕಾಡು ಕುರಿ, ಕಾಡುಕುರಿ

ನಮ್ಮೂರಿನಲ್ಲಿ ಡಿಎನ್‌ಎ ಎನ್ನುವ ಮಾತನ್ನು ಮೊದಲು ಆಡಿದವಳು ನಾನು. ಅದೂ ಅಣ್ಣನ ಮದುವೆಯ ಬೀಗರೂಟದ ದಿನ, ಚಪ್ಪರದ ಕೆಳಗೆ, ಕೈಯಲ್ಲಿ ಸಾರಿನ ಬಕೆಟ್ಟು ಹಿಡಿದುಕೊಂಡು. ಎದುರಿಗೆ ಖಾಕಿ ತೊಟ್ಟ ರೇಂಜರ್ ನಿಂತಿದ್ದರು, ಪಕ್ಕದಲ್ಲಿ ಅಪ್ಪ. ನಾನು ಆಡಿದ್ದು ಸುಳ್ಳಲ್ಲ. ಕಾಲೇಜಿನಲ್ಲಿ ಕಲಿತದ್ದನ್ನೇ ಹೇಳಿದೆ. ಆದರೂ ಇವತ್ತಿಗೂ ಆ ಮೂರಕ್ಷರ ಎಲ್ಲಾದರೂ ಕಣ್ಣಿಗೆ ಬಿದ್ದರೆ ನನ್ನ ಮೂಗಿಗೆ ಮೊದಲು ಬರುವುದು ಮಣ್ಣಿನಲ್ಲಿ ಹರಿದುಹೋದ ಬಾಡಿನ ಸಾರಿನ ವಾಸನೆ.

ನಮ್ಮದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಅಂತರಸಂತೆಯ ಆಚೆ, ಕಾಕನಕೋಟೆಯ ಕಾಡಿಗೆ ಹೊಲದ ಬೇಲಿ ತಾಕುವಂಥ ಊರು. ಹತ್ತಿ, ರಾಗಿ, ಒಂದಿಷ್ಟು ಹೊಗೆಸೊಪ್ಪು ಬೆಳೆಯುತ್ತಿದ್ದೆವು. ಕುರಿ ಕೊಳ್ಳುವಾಗ ನಮ್ಮೂರಿನವರು ಎರಡು ಬಗೆ ಹೇಳುತ್ತಿದ್ದರು: ನಾಡು ಕುರಿ, ಕಾಡು ಕುರಿ. ಹೊಲದ ಕೂಳೆ, ಕೊಟ್ಟಿಗೆಯ ಹಿಂಡಿ ತಿಂದು ಬೆಳೆದದ್ದು ನಾಡು ಕುರಿ. ಕಾಡಿನ ಅಂಚಿನಲ್ಲಿ ಮೇದ ಮಂದೆಯದು ಕಾಡು ಕುರಿ. ಅದರಲ್ಲಿ ಕೊಬ್ಬು ಕಡಿಮೆ, ಬಾಡು ಗಟ್ಟಿ, ರುಚಿ ಹೆಚ್ಚು. ಎರಡೂ ಕುರಿಯೇ. ಆದರೆ ಕಾಡುಕುರಿ ಎನ್ನುವ ಬೇರೆಯದೇ ಒಂದು ಪ್ರಾಣಿ ಇದೆ. ಕೆಂಚು ಮೈಯ, ನಾಯಿಯ ಹಾಗೆ ಬೊಗಳುವ ಸಣ್ಣ ಜಿಂಕೆ. ಅದನ್ನು ಹೊಡೆದರೆ ಜೈಲು. ಬರೆಯುವಾಗ ನಡುವೆ ಒಂದಿಷ್ಟು ಜಾಗ ಬಿಟ್ಟು ಎರಡನ್ನೂ ಬೇರೆ ಮಾಡಬಹುದು. ಮಾತಿನಲ್ಲಿ ಆ ಜಾಗ ಎಲ್ಲಿರುತ್ತದೆ? ನಮ್ಮೂರಿನ ಕಿವಿಗೆ ಯಾವ ಹೊತ್ತಿನಲ್ಲಿ ಯಾವ ಕುರಿ ಎಂದು ತಾನಾಗಿ ತಿಳಿಯುತ್ತಿತ್ತು. ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಅಣ್ಣನಿಗೆ ಕೆ.ಆರ್. ನಗರದ ಕಡೆಯಿಂದ ಹೆಣ್ಣು ತಂದೆವು. ಅವರು ಕಾಲುವೆ ನೀರಿನ ಜನ, ಭತ್ತದ ಗದ್ದೆಯವರು. ನಮ್ಮನ್ನು ಕಂಡರೆ ಪ್ರೀತಿಯೇ, ಆದರೆ ಮಾತಿನಲ್ಲಿ ಸಣ್ಣದೊಂದು ಚುಚ್ಚು ಇದ್ದೇ ಇರುತ್ತಿತ್ತು. ಮದುವೆಯ ಮಾತುಕತೆಗೆ ಬಂದಾಗಲೇ ಅತ್ತಿಗೆಯ ಅಪ್ಪ, "ಕಾಡಂಚ್ಗೆ ಹೆಣ್ ಕೊಡ್ತಾ ಇದೀವಿ ಬೀಗ್ರೆ, ಆನೆ ಬಂದ್ರೆ ನೀವು ಮುಂದೆ ನಿಂತ್ಕಬೇಕು" ಎಂದಿದ್ದರು. ಅಪ್ಪ ನಕ್ಕು, "ಆನೆ ಬಂದ್ರೆ ಅದ್ಕೂ ಎಲೆ ಆಕ್ತೀವಿ ಬುಡಿ" ಎಂದಿದ್ದರು.

ಮದುವೆಯಾದ ಮೇಲೆ ಬೀಗರೂಟ ನಮ್ಮ ಮನೆಯಲ್ಲಿ. ಮದುವೆಯಲ್ಲಿ ಪಾಯಸ ಚೆನ್ನಾಗಿರದಿದ್ದರೆ ಜನ ಮರೆತಾರು, ಬೀಗರೂಟದ ಸಾರು ಕೆಟ್ಟರೆ ಮರೆಯುವುದಿಲ್ಲ. ಹಾಗಾಗಿ ಅಪ್ಪ ತಾವೇ ಗಿರಿಜನರ ಹಾಡಿಯ ಅಂಚಿನ ಒಬ್ಬ ಕುರಿಗಾರನ ಹತ್ತಿರ ಹೋಗಿ ಕುರಿ ಗೊತ್ತುಮಾಡಿ ಬಂದರು. ಬಂದವರು ನಮ್ಮ ಸೋದರಮಾವನ ಹತ್ತಿರ ಖುಷಿಯಿಂದ ಹೇಳಿಕೊಂಡರು. ಮಾವ ಪಿರಿಯಾಪಟ್ಟಣದವರು, ಹೊಗೆಸೊಪ್ಪಿನ ಸೀಮೆಯವರು, ನಾಲಿಗೆ ಸ್ವಲ್ಪ ಉದ್ದ.

"ಈ ಸಲ ಕಾಡ್ ಕುರಿ ಕಣ್ಲಾ. ಬೀಗ್ರು ಬೆರಳು ನೆಕ್ಬೇಕು."

ಮಾವ ಒಂದು ಗಳಿಗೆ ಅಪ್ಪನ ಮುಖ ನೋಡಿ, "ಧೈರ್ಯವಂತ ಕಣ್ ಭಾವ ನೀನು" ಎಂದರು. ಆ ಮಾತು ನನ್ನ ಕಿವಿಗೂ ಬಿತ್ತು. ಕುರಿ ಕೊಳ್ಳುವುದಕ್ಕೆ ಧೈರ್ಯ ಯಾಕೆ ಎಂದು ಆಗ ಅನ್ನಿಸಲಿಲ್ಲ. ಅವರು ಬೀಗರನ್ನು ಕರೆಯಲು ಕೆ.ಆರ್. ನಗರಕ್ಕೆ ಹೋದಾಗ ಆ ಧೈರ್ಯದ ವಿಷಯವನ್ನೇ ಟೀ ಅಂಗಡಿಯಲ್ಲಿ ಕೂತು ಹೇಳಿದ್ದರೆಂದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. "ನಮ್ ಭಾವ ಕಾಡುಕುರಿ ಬಾಡು ಆಕುಸ್ತಾವ್ರೆ ಕಣ್ರೀ, ಯಾರೂ ತಪ್ಪುಸ್ಕಬೇಡಿ." ಅಲ್ಲಿಂದ ಆ ಮಾತು ಯಾವ ಬಸ್ಸು ಹತ್ತಿ, ಯಾವ ಆಫೀಸಿನಲ್ಲಿ ಇಳಿಯಿತೋ ಗೊತ್ತಿಲ್ಲ.

ಕುರಿಗಳು ಊಟದ ಹಿಂದಿನ ದಿನ ಕತ್ತಲಾದ ಮೇಲೆ ಬಂದು, ನೇರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದಕ್ಕೆ ಹೋದವು. ಮನೆಯೊಳಗೆ ನೆಂಟರು ತುಂಬಿದ್ದರು, ನಾವ್ಯಾರೂ ಹೋಗಿ ನೋಡಲಿಲ್ಲ. ಬೆಳಗಿನ ಜಾವ ಹುಣಸೂರಿನಿಂದ ಬಂದಿದ್ದ ಸಾಬರು ಕೊಯ್ದು, ಹಸನು ಮಾಡಿ, ಚರ್ಮ ಸುತ್ತಿಕೊಂಡು ಮೊದಲ ಬಸ್ಸಿಗೆ ಹೊರಟುಹೋದರು. ತಲೆ ಕಾಲು ಬೆಳಗ್ಗೆಯೇ ಒಲೆಯ ಕೆಲಸದವರ ನಾಷ್ಟಾಕ್ಕೆ ಸಾರಾಗಿ ಮುಗಿದವು. ಬೀಗರು ಬಸ್ಸಿನಿಂದ ಇಳಿಯುವ ಹೊತ್ತಿಗೆ ಉಳಿದಿದ್ದದ್ದು ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ತುಂಡುಗಳು ಮಾತ್ರ.

ಮೊದಲ ಪಂಕ್ತಿ ಕೂತಿತ್ತು. ಚಪ್ಪರದ ಉದ್ದಕ್ಕೂ ನೆಲದ ಮೇಲೆ ಬೀಗರು, ಅವರ ಮಕ್ಕಳು. ಎಲೆಯಲ್ಲಿ ಮುದ್ದೆ, ಬೋಟಿ ಗೊಜ್ಜು. ಅಣ್ಣ ಅತ್ತಿಗೆ ಪಂಕ್ತಿಯ ತುದಿಯಲ್ಲಿ, ಒಲೆಗೆ ಹತ್ತಿರ ಕೂತಿದ್ದರು. ನಾನು ಸಾರು ಬಡಿಸುತ್ತಿದ್ದೆ. ನಾನು ಆಗ ಮೈಸೂರಿನ ಹಾಸ್ಟೆಲಿನಲ್ಲಿದ್ದು ಪ್ರಾಣಿಶಾಸ್ತ್ರ ಓದುತ್ತಿದ್ದವಳು. ಅಪ್ಪ ಅದನ್ನು ಪಂಕ್ತಿಯುದ್ದಕ್ಕೂ ಹೇಳಿಕೊಂಡು ಬರುತ್ತಿದ್ದರು. "ನಮ್ ಮಗಳು. ಪ್ರಾಣಿಗಳ್ ಇಚಾರ ಓದ್ತಾಳೆ. ಇರುವೆಗೆ ಎಷ್ಟ್ ಕಾಲು ಅಂತ ಕೇಳಿ ಬೇಕಾದ್ರೆ."

"ನಮ್ ಬೀಗ್ರಿಗೆ ಎಷ್ಟ್ ಕಾಲು ಅಂತ ಕೇಳವ್ವ, ಬೆಳಗ್ಗಿಂದ ಒಂದ್ ಕಡೆ ನಿಂತಿಲ್ಲ" ಎಂದು ಅತ್ತಿಗೆಯ ಚಿಕ್ಕಪ್ಪ ನಗಿಸಿದರು.

ಆ ನಗುವಿನ ನಡುವೆಯೇ ಜೀಪು ಬಂದು ನಿಂತಿತು. ರೇಂಜರ್ ಇಳಿದರು, ಹಿಂದೆ ಗಾರ್ಡುಗಳು. ಒಬ್ಬನ ಹೆಗಲಲ್ಲಿ ಬಂದೂಕು. ಊಟಕ್ಕೆ ಬಂದಿದ್ದಾರೆಂದೇ ತಿಳಿದು ಅಪ್ಪ, "ಬನ್ನಿ ಸಾ, ಕೈ ತೊಳೀರಿ" ಎಂದರು.

"ಊಟಕ್ಕೆ ಬಂದಿಲ್ಲ. ಏನ್ ಮಾಂಸ ಇದು?"

"ಕುರಿ ಸಾ."

"ಯಾವ ಕುರಿ?"

ಅಪ್ಪ ಸಲೀಸಾಗಿ ಹೇಳಿಬಿಟ್ಟರು. "ಕಾಡ್ ಕುರಿ."

ಅಪ್ಪನ ಬಾಯಿಂದ ಆ ಮಾತು ಎಷ್ಟು ಸಹಜವಾಗಿ ಬಂತೆಂದರೆ ನಮ್ಮೂರಿನವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ರೇಂಜರ್ ಗಾರ್ಡುಗಳ ಕಡೆ ತಿರುಗಿ, "ಅವರೇ ಹೇಳ್ತಿದಾರೆ, ಬರ್ಕೊಳ್ಳಿ" ಎಂದರು. ಅಪ್ಪನಿಗೆ ಆಗ ಅರಿವಾಯಿತು. "ಅಯ್ಯೋ, ಅದಲ್ಲ ಸಾ. ಕಾಡ್ನಂಚಲ್ಲಿ ಮೇದಿರೋ ಕುರಿ. ನಮ್ ಕಡೆ ಅಂಗೆ ಅಂತೀವಿ." ಚರ್ಮ ಎಲ್ಲಿ ಎಂದು ಕೇಳಿದರು. ಹುಣಸೂರಿಗೆ ಹೋಯಿತು. ತಲೆ ಎಲ್ಲಿ? ತಿಂದಾಯಿತು. ಒಂದೊಂದು ಉತ್ತರವೂ ನಿಜ, ಒಂದೊಂದೂ ಕೇಳುವುದಕ್ಕೆ ಸುಳ್ಳಿನ ಹಾಗಿತ್ತು. ಪಂಕ್ತಿಯಲ್ಲಿ ಕೈಗಳು ಎಲೆಯ ಮೇಲೆ ನಿಂತುಬಿಟ್ಟಿದ್ದವು.

ಅತ್ತಿಗೆಯ ಅಪ್ಪ ಕೂತಲ್ಲಿಂದಲೇ, "ಇಷ್ಟ್ಯಾಕೆ ಸಾರ್ ರಾದ್ಧಾಂತ? ಬೀಗ್ರ ಮಗಳೇ ಇದನ್ನೇ ಓದಿರೋಳು. ಅವಳೇ ಹೇಳ್ಲಿ" ಎಂದರು. ಅವರು ಒಳ್ಳೆಯದಕ್ಕೇ ಹೇಳಿದ್ದು.

ಅಪ್ಪನ ಮುಖ ಅರಳಿತು. "ಯೋಳು ಮಗಾ" ಎಂದರು. ಗೆದ್ದಾಯಿತು ಎನ್ನುವ ಹಾಗೆ.

ನಾನು ಬಕೆಟ್ಟಿನೊಳಗೆ ನೋಡಿದೆ. ಒಂದು ಮೂಳೆ, ಅದಕ್ಕಂಟಿದ ಕಂದು ಬಣ್ಣದ ಮಾಂಸ, ಮೇಲೆ ಕೊತ್ತಂಬರಿ. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಪುಸ್ತಕವಲ್ಲ. ನಾನು ಸಣ್ಣವಳಿದ್ದಾಗ ಕೆಲವು ಸಲ ಹಿತ್ತಲ ಬಾಗಿಲಿನಿಂದ ಮುತ್ತುಗದ ಎಲೆಯ ಪೊಟ್ಟಣ ಬರುತ್ತಿತ್ತು. ಅದೇನೆಂದು ಕೇಳಿದರೆ ಅವ್ವ, "ತಿನ್ನು, ಎಸ್ರು ಕೇಳ್ಬೇಡ" ಎನ್ನುತ್ತಿದ್ದಳು. ಕಾಡಿನ ಅಂಚಿನ ಮನೆಗಳಲ್ಲಿ ಹೆಸರು ಕೇಳಬಾರದ ಬಾಡು ಎಂಬುದೊಂದು ಇರುತ್ತಿತ್ತು. ಎಷ್ಟೋ ವರ್ಷದ ಹಿಂದೆಯೇ ನಿಂತುಹೋಗಿದ್ದ ಆ ಪೊಟ್ಟಣ ನನ್ನ ತಲೆಯಲ್ಲಿ ಬಿಚ್ಚಿಕೊಂಡಿತು. ಮಾವ ಧೈರ್ಯವಂತ ಎಂದದ್ದೂ ಅದರ ಪಕ್ಕಕ್ಕೆ ಬಂದು ಕೂತಿತು.

"ಬೆಂದ ಮೇಲೆ ನೋಡಿ ಹೇಳೋಕಾಗಲ್ಲ" ಎಂದೆ. "ಡಿಎನ್‌ಎ ಟೆಸ್ಟ್ ಮಾಡಿದರೆ ಗೊತ್ತಾಗುತ್ತೆ."

ಪಂಕ್ತಿಯಲ್ಲಿ ಯಾರೋ ಮುದುಕರು ಪಕ್ಕದವರನ್ನು, "ಯಾವ್ ಎಣ್ಣೆ ಅಂದ್ಲು?" ಎಂದು ಕೇಳಿದರು. ಯಾರೂ ನಗಲಿಲ್ಲ. ರೇಂಜರ್ ನನ್ನನ್ನು ಮೆಚ್ಚಿಕೊಂಡವರಂತೆ ತಲೆಯಾಡಿಸಿ, "ಕೇಳಿದ್ರಲ್ಲ, ಮನೆ ಮಗಳೇ ಕುರಿ ಅಂತ ಹೇಳ್ತಾ ಇಲ್ಲ" ಎಂದರು.

ಅಪ್ಪ ನನ್ನನ್ನು ನೋಡಿದರು. ಸಿಟ್ಟಿನ ನೋಟವಾಗಿದ್ದರೆ ನಾನು ಮರೆಯುತ್ತಿದ್ದೆನೇನೋ. ಅವರು ನಾನು ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ ಎನ್ನುವ ಹಾಗೆ, ಇನ್ನೊಂದು ಸಲ ಹೇಳುತ್ತೇನೆಂದು ಕಾಯುವ ಹಾಗೆ ನೋಡಿದರು. ನಾನು ಬಕೆಟ್ಟು ಕೆಳಗಿಟ್ಟೆ.

ಅಷ್ಟರಲ್ಲಿ ಪಂಕ್ತಿಯ ತುದಿಯಿಂದ ಒಂದು ಸಣ್ಣ ದನಿ ಬಂತು. "ಕುರಿ ಸಾರ್. ನಾನ್ ತಿಂದೆ. ಕುರೀನೇ." ಅದು ಅತ್ತಿಗೆ. ನಮ್ಮ ಮನೆಗೆ ಬಂದು ಅರಿಶಿನ ಆರಿರಲಿಲ್ಲ. ಅವಳಿಗೆ ನಮ್ಮ ಹಿತ್ತಲ ಬಾಗಿಲೂ ಗೊತ್ತಿಲ್ಲ, ಮುತ್ತುಗದ ಪೊಟ್ಟಣವೂ ಗೊತ್ತಿಲ್ಲ. ಗಂಡನ ಅಪ್ಪ ಕುರಿ ಎಂದರು, ಅವಳಿಗೆ ಅದು ಕುರಿಯೇ ಆಯಿತು. ಅವಳ ಮಾತನ್ನು ರೇಂಜರ್ ಬರೆಸಿಕೊಳ್ಳಲಿಲ್ಲ.

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯಿತು. ನನ್ನ ತಲೆಯಲ್ಲಿ ಮಾತ್ರ ಅದು ಇವತ್ತಿಗೂ ನಿಧಾನವಾಗಿ ನಡೆಯುತ್ತಲೇ ಇದೆ. ನನ್ನ ಮಾತು ಕೇಳಿದ ಸೋದರಮಾವನಿಗೆ ಇನ್ನು ಉಳಿಗಾಲವಿಲ್ಲ ಎನ್ನಿಸಿತು. ಬಾಡೇ ಇಲ್ಲದಿದ್ದರೆ ಕೇಸೂ ಇಲ್ಲ ಎಂದುಕೊಂಡು ಒಲೆಯ ಹತ್ತಿರ ಓಡಿ, ಕೊಪ್ಪರಿಗೆಯ ಕಿವಿಯೊಳಗೆ ಬಿದಿರ ಗಳು ತೂರಿಸಿ ಎತ್ತಿದರು. ಹಿಂದಿನ ಗುಂಡಿಗೆ ಸುರಿಯಬೇಕೆಂದು ಅವರ ಲೆಕ್ಕ. ಒಲೆಯ ಹಿಂದಿನ ಕಲ್ಲು ಅಲುಗಲಿಲ್ಲ, ಮುಂದಿನ ಕಲ್ಲು ಜಾರಿತು. ಕುದಿಯುವ ಕೊಪ್ಪರಿಗೆ ಪಂಕ್ತಿಯ ಕಡೆ ವಾಲಿತು.

ಚಕ್ಕಳಮಕ್ಕಳ ಹಾಕಿ ಕೂತವರು ತಟ್ಟನೆ ಏಳಲಾರರು. ಮಕ್ಕಳು ಕೂತಿದ್ದರು. ಅತ್ತಿಗೆಯ ರೇಷ್ಮೆ ಸೀರೆಯ ಸೆರಗು ಒಲೆಯಿಂದ ಒಂದು ಮಾರಿನಷ್ಟೂ ದೂರವಿರಲಿಲ್ಲ. ಗದ್ದಲ ಕೇಳಿ ಗಾರ್ಡು ಬಂದೂಕನ್ನು ಹೆಗಲಿನಿಂದ ಇಳಿಸಿ ಹಿಡಿದ. ಅವನ ಬೆರಳು ಟ್ರಿಗರಿನ ಮೇಲಿತ್ತು. ನಾನು ನಿಂತಲ್ಲಿಂದ ಒಂದು ಹೆಜ್ಜೆ ಇಡಲಿಲ್ಲ. ಅಪ್ಪ ಓಡಿಹೋಗಿ ಬರಿಗೈಯಲ್ಲಿ ಕೊಪ್ಪರಿಗೆಯ ಅಂಚು ಹಿಡಿದು, ಮೊಣಕಾಲು ಕೊಟ್ಟು, ಅದನ್ನು ಪಕ್ಕಕ್ಕೆ ಹೊರಳಿಸಿದರು. ಸಾರು ಚಪ್ಪರದ ಗೂಟದ ಆಚೆಗೆ ಹರಿಯಿತು. ಒಂದಷ್ಟು ಅವರ ಪಾದಗಳ ಮೇಲೆ ಹರಿಯಿತು.

ಆ ಕೊಪ್ಪರಿಗೆ ಇನ್ನೊಂದು ಗೇಣು ಈ ಕಡೆ ಬಿದ್ದಿದ್ದರೆ? ಗಾರ್ಡಿನ ಬೆರಳು ಬಿಗಿಯಾಗಿದ್ದರೆ? ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತಾಗ, ಯಾರದೋ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತಾಗ ಅದು ಮತ್ತೆ ವಾಲಲು ಶುರುವಾಗುತ್ತದೆ. ಈಗಲೂ ಒಲೆಯ ಕಡೆಯ ಎಲೆಗೆ ನಾನು ಕೂರುವುದಿಲ್ಲ.

ಅಪ್ಪ ಕೂಗಲಿಲ್ಲ. ಭಾವಮೈದುನನ ಕಡೆ ನೋಡಿ, "ಬೀಗ್ರು ಇನ್ನೂ ಉಂಡಿರ್ಲಿಲ್ಲ ಕಣ್ಲಾ" ಎಂದರು ಅಷ್ಟೇ.

"ಕುರಿಯಾಗಿದ್ರೆ ಯಾಕೆ ಚೆಲ್ಲಿದ್ರಿ?" ಎಂದು ರೇಂಜರ್ ಕೇಳಿದರು. ನಿಜವಾದ ಉತ್ತರ ಇಷ್ಟೇ: ನಮಗೇ ನಂಬಿಕೆ ಇರಲಿಲ್ಲ. ಅದನ್ನು ಹೇಳುವುದು ಹೇಗೆ? ನನ್ನ ಬಕೆಟ್ಟಿನಲ್ಲಿ ಉಳಿದಿದ್ದ ತುಂಡುಗಳನ್ನೇ ಬಾಟಲಿಗೆ ತುಂಬಿ, ಮಹಜರು ಬರೆದು, ಅರಗು ಹಾಕಿ ಮುಚ್ಚಿದರು. ಅಪ್ಪನ ಅಂಗೈಗೂ ಪಾದಕ್ಕೂ ಅವ್ವ ಲೋಳೆಸರ ಸವರುತ್ತಿದ್ದಳು. ಅದು ಮುಗಿಯುವ ತನಕ ಕಾದು, ಅವರನ್ನು ಜೀಪು ಹತ್ತಿಸಿದರು. ಬೀಗರು ಅರೆಹೊಟ್ಟೆಯಲ್ಲಿ ಬಸ್ಸು ಹತ್ತಿದರು. ಅತ್ತಿಗೆಯನ್ನು ಕರೆದರು, ಅವಳು ಹೋಗಲಿಲ್ಲ.

ಅಪ್ಪನಿಗೆ ಜಾಮೀನು ಸಿಗುವ ತನಕ ಜೈಲಿನಲ್ಲಿರಬೇಕಾಯಿತು. ಬಂದ ಮೇಲೆ ಪಾದದ ಗಾಯ ಮಾಯುವ ಮುಂಚೆಯೇ ಎಚ್.ಡಿ. ಕೋಟೆಯ ಕೋರ್ಟಿಗೆ ಅಲೆದಾಟ ಶುರುವಾಯಿತು. ಬಾಟಲಿ ಹೈದರಾಬಾದಿನ ಪ್ರಯೋಗಾಲಯಕ್ಕೆ ಹೋಗಿತ್ತು. ಅಲ್ಲಿಂದ ಉತ್ತರ ಬರುವವರೆಗೆ ನಾವು ಕಳ್ಳರೂ ಅಲ್ಲ, ಒಳ್ಳೆಯವರೂ ಅಲ್ಲ.

ಆ ತಿಂಗಳುಗಳಲ್ಲಿ ಡಿಎನ್‌ಎ ನಮ್ಮೂರಿನ ಮಾತಾಯಿತು. ಬಾಯಿಗೆ ಸಿಕ್ಕಿದ್ದು ಡಿ-ಎಣ್ಣೆ ಎಂದು. ಹಾಲಿನವನು ಸಿಕ್ಕರೆ, "ಇದು ಎಮ್ಮೆದೋ ಬೋರ್‌ವೆಲ್ದೋ, ಡಿ-ಎಣ್ಣೆ ಬುಡುಸ್ಲಾ?" ಎನ್ನುತ್ತಿದ್ದರು. ಕೋರ್ಟಿನ ಜಗುಲಿಯಲ್ಲಿ ಕೂತಾಗ ಬೇರೆ ಸುದ್ದಿಗಳೂ ಕಿವಿಗೆ ಬೀಳುತ್ತಿದ್ದವು. ಮಗು ನನ್ನದಲ್ಲ ಎಂದು ಹೆಂಡತಿಗೆ ಜೀವನಾಂಶ ಕೊಡದೆ ಓಡಾಡಿದ ಒಬ್ಬ, ಜಡ್ಜ್ ಸಾಹೇಬರು ರಕ್ತ ಕೊಡು ಎಂದ ಕೂಡಲೇ ನನ್ನದೇ ಎಂದನಂತೆ. ಕಬಿನಿ ಹಿನ್ನೀರಿನಲ್ಲಿ ಸಿಕ್ಕ ಗುರುತು ಹತ್ತದ ಹೆಣಕ್ಕೆ ತಾಯಿಯೊಬ್ಬಳ ರಕ್ತ ತಾಳೆ ನೋಡಿದರಂತೆ. ಕೇಳುತ್ತಾ ನನಗೊಂದು ಅನ್ನಿಸುತ್ತಿತ್ತು. ಮನೆಯವರ ಮಾತು ಎಲ್ಲಿ ಸಾಲದೆ ಹೋಗುತ್ತದೋ ಅಲ್ಲಿಗೇ ಈ ಪರೀಕ್ಷೆ ಬರುತ್ತದೆ. ನಮ್ಮ ಮನೆಗೆ ಅದನ್ನು ಕರೆದವಳು ನಾನು.

ಒಂದು ದಿನ ಜಗುಲಿಯಲ್ಲಿ ಅಪ್ಪನೇ ಕೇಳಿದರು.

"ಅಲ್ಲ ಮಗಾ, ಬಾಡು ಬೆಂದೋಗಿತ್ತಲ್ಲ. ಅದ್ರಲ್ಲಿ ಏನ್ ಸಿಕ್ತದೆ ಅವ್ರಿಗೆ?"

"ಬೆಂದರೂ ಚೂರುಚೂರು ಉಳಿದಿರುತ್ತೆ ಅಪ್ಪ. ಅದರಲ್ಲಿ ಜಾತಿ ಗೊತ್ತಾಗುತ್ತೆ."

"ಸುಳ್ ಯೋಳಕಿಲ್ವಾ ಅದು?"

"ಇಲ್ಲ."

"ಅಂಗಾದ್ರೆ ಬುಡು" ಎಂದು ಬೀಡಿ ಹಚ್ಚಿದರು. ತಪ್ಪು ಮಾಡಿದವನ ಮಾತೇ ಅದು? ಆ ನಿಶ್ಚಿಂತೆ ಒಂದೇ ಸಾಕಿತ್ತು ನನಗೆ ತಿಳಿಯಲು. ತಿಳಿಯಲಿಲ್ಲ.

ಬದಲಿಗೆ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ. ಹಾಸ್ಟೆಲಿನಿಂದ ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದು ಗಣಪತಿ ಗುಡಿಯಿತ್ತು. ದಿನವೂ ಅಲ್ಲಿ ನಿಂತು, ಆ ಬಾಟಲಿ ಒಡೆದುಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ರೈಲಿನಲ್ಲಿ ಕಳೆದುಹೋಗಲಿ, ತುಂಡುಗಳು ಕೊಳೆತುಹೋಗಲಿ, ಏನೂ ಹೇಳಲಾಗದು ಎಂದು ಬರಲಿ. ಅಪ್ಪನನ್ನು ಬಿಡಿಸಬಲ್ಲದ್ದು ಭೂಮಿಯ ಮೇಲೆ ಆ ಬಾಟಲಿಯೊಂದೇ. ಅದು ಹಾಳಾಗಲಿ ಎಂದು ಬೇಡಿಕೊಂಡೆ. ಅಪ್ಪನ ಮೇಲಿನ ಪ್ರೀತಿಯಿಂದ ಎಂದು ಆಗ ಅಂದುಕೊಂಡಿದ್ದೆ. ಗಣಪತಿ ಕಿವಿಗೆ ಹಾಕಿಕೊಳ್ಳಲಿಲ್ಲ.

ವರದಿ ಬಂದಾಗ ಹೊಗೆಸೊಪ್ಪು ಬೇಯಿಸುವ ಕಾಲ. ನಮ್ಮ ವಕೀಲರು ಅದನ್ನು ಕೋರ್ಟಿನ ಮೆಟ್ಟಿಲ ಮೇಲೆ ನನ್ನ ಕೈಗೆ ಕೊಟ್ಟು, "ನೀವೇ ಓದಿ ಹೇಳಿ ನಿಮ್ಮ ತಂದೆಯವರಿಗೆ" ಎಂದರು. ಇಂಗ್ಲಿಷಿನಲ್ಲಿ ಉದ್ದಕ್ಕೂ ಏನೇನೋ ಇತ್ತು. ಕೊನೆಯಲ್ಲಿ, ಕಳಿಸಿದ ಮಾಂಸ ಸಾಕಿದ ಕುರಿಯದು ಎಂದಿತ್ತು.

"ಕುರಿ ಅಂತ ಬಂದಿದೆ ಅಪ್ಪ."

"ಇನ್ನೇನ್ ಬತ್ತದೆ?" ಎಂದರು. ನನ್ನ ಕಣ್ಣು ತುಂಬಿದ್ದನ್ನು ಕಂಡು ಗಾಬರಿಯಾಗಿ, "ಯಾಕವ್ವ? ಕುರೀನೇ ಅಲ್ವಾ ಬಂದಿರೋದು?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ.

ಸೋದರಮಾವ ಅಪ್ಪನ ಕಾಲು ಹಿಡಿಯಲು ಬಂದರು. ಕಾಲಿನ ಚರ್ಮ ಇನ್ನೂ ಗುಲಾಬಿ ಬಣ್ಣಕ್ಕಿತ್ತು. "ಅಲ್ ಮುಟ್ಬೇಡ ಕಣ್ಲಾ, ಉರೀತದೆ" ಎಂದು ಅಪ್ಪ ನಗಿಸಿ ಕಳಿಸಿದರು. ಮಾವನಿಗೆ ಕಾಲು ಹಿಡಿಯಲು ದಾರಿಯಿತ್ತು. ಅವರು ಮಾಡಿದ್ದು ಎಲ್ಲರ ಕಣ್ಣಿಗೆ ಬಿದ್ದಿತ್ತು. ನಾನು ಮಾಡಿದ್ದಕ್ಕೆ ಹೆಸರೇ ಇರಲಿಲ್ಲ. ಬೆಂದ ಮೇಲೆ ಹೇಳಲಾಗದು ಎನ್ನುವುದು ನಿಜವೇ. ಯಾರು ಕೇಳಿದರೂ ನನ್ನದು ಸರಿ ಎನ್ನುತ್ತಾರೆ. ಊರಿನವರು ಕೂಡ, "ಕಾಲೇಜ್ ಓದಿದ್ ಮಗಳಿಂದ್ಲೇ ಅಪ್ಪ ಬಚಾವಾದ" ಎಂದು ಹೊಗಳಿದರು. ಪರೀಕ್ಷೆ ಎನ್ನುವುದು ಇದೆ ಎಂದು ಹೇಳಿದವಳೇ ನಾನಲ್ಲವೇ! ಆ ಹೊಗಳಿಕೆ ಕೇಳುತ್ತಾ ಅಡುಗೆಮನೆಯಲ್ಲಿ ಅತ್ತಿಗೆಯ ಎದುರು ನಿಲ್ಲಲು ನನಗಾಗುತ್ತಿರಲಿಲ್ಲ.

ಕೇಸು ಮುಗಿದ ಮೇಲೆ ಅಪ್ಪ ಬೀಗರಿಗೆ ಮತ್ತೆ ಹೇಳಿ ಕಳಿಸಿದರು. ಅರ್ಧಕ್ಕೆ ನಿಂತ ಊಟ ಮುಗಿಸಬೇಕೆಂದು. ಈ ಸಲ ಕುರಿಗಳನ್ನು ಬ್ಯಾರನ್ನಿನ ಹಿಂದೆ ಕಟ್ಟಲಿಲ್ಲ. ಹಗಲಿನಲ್ಲೇ ತಂದು, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಅಂಗಳದ ನಡುವಿನ ಕಂಬಕ್ಕೆ ಕಟ್ಟಿದರು. ಹೋಗಿಬರುವವರು ನಿಂತು, "ಏನಣ್ಣ, ಕುರಿಗೆ ಫೋಟೋ ಇಡುಸ್ದಾ?" ಎಂದು ರೇಗಿಸಿದರು. "ಇಡುಸ್ಬೇಕು, ಫೋಟೋದವ್ನು ಸಿಕ್ನಿಲ್ಲ" ಎಂದು ಅಪ್ಪನೂ ಕೊಟ್ಟರು.

ಕೊಯ್ಯುವ ಹೊತ್ತು ಬಂತು. ಹುಣಸೂರಿನ ಸಾಬರು ಚೂರಿ ಮಸೆಯುತ್ತಿದ್ದರು. ನಾನು ಒಳಗೆ ಈರುಳ್ಳಿ ಸುಲಿಯುತ್ತಿದ್ದೆ. ಅಪ್ಪ ಬಾಗಿಲಿಗೆ ಬಂದು, "ಮಗಾ, ಬಾ ಇಲ್ಲಿ" ಎಂದು ಕರೆದರು. ಹೋದೆ. ಕುರಿಯೊಂದರ ಗದ್ದ ಹಿಡಿದು ಮುಖವನ್ನು ನನ್ನ ಕಡೆ ತಿರುಗಿಸಿದರು. ಅದರ ಬಾಯಲ್ಲಿ ಚಪ್ಪರದ ಹಸಿರು ಎಲೆಯಿತ್ತು.

"ಸರಿಯಾಗ್ ನೋಡ್ಕಂಬುಡು" ಎಂದರು. "ಆಮೇಲ್ ಯಾರಾರ ಬಂದು ಕೇಳಿದ್ರೆ ಕಷ್ಟ ನಿಂಗೆ."

ಅದರಲ್ಲಿ ಚುಚ್ಚು ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಇರಲಿಲ್ಲ. ಓದಿದ ಮಗಳು ಕಂಡದ್ದನ್ನಷ್ಟೇ ಹೇಳುತ್ತಾಳೆ, ಅದು ಅವಳ ಕಸುಬು, ಅವಳಿಗೆ ತೊಂದರೆಯಾಗದಂತೆ ಮೊದಲೇ ತೋರಿಸಿಬಿಡಬೇಕು ಎಂದು ಅವರು ನಿಜವಾಗಿ ಅಂದುಕೊಂಡಿದ್ದರು.

ನಾನು ನೋಡಿದೆ. ಅಗಲವಾದ ಹಳದಿ ಕಣ್ಣು, ಜೋತ ಕಿವಿ, ಮೂಗಿನ ಮೇಲೊಂದು ಬಿಳಿ ಮಚ್ಚೆ.

"ಕುರಿ" ಎಂದೆ.

ಯಾರೂ ಕೇಳಿರಲಿಲ್ಲ. ಅಪ್ಪ ಆಗಲೇ ಬಗ್ಗಿ ಕಂಬದ ಹಗ್ಗ ಬಿಚ್ಚುತ್ತಿದ್ದರು.